ತಣ್ಣಗಿನ ಎಂಜಿನ್

ನೋವಾ ಸ್ಕೋಷಿಯಾದ ದಕ್ಷಿಣದ ತುದಿ,
ಅಕ್ಟೋಬರ್ ಕೊನೆಯ ವಾರ, ಬೆಳಗಿನ ಏಳು.
ಧಕ್ಕೆಯ ಹಲಗೆಗಳ ಮೇಲೆ ಇಬ್ಬನಿ
ಹೆಪ್ಪುಗಟ್ಟಲೋ ಬೇಡವೋ ಎಂದು ಯೋಚಿಸುತ್ತಿತ್ತು.
ಸೋದರಮಾವ ಡೆಲ್ಫಿಸ್ ಸುರೆಟ್‌ನ ಜೇಬಿನಲ್ಲಿ
ಒಂದು ಪುಟ್ಟ ಸುತ್ತಿಗೆ. ನನ್ನ ಜೇಬಿನಲ್ಲಿ
ಬ್ಯಾಂಕು ಕೊಡುತ್ತೇನೆಂದ, ಇನ್ನೂ ಕೊಡದ ಹಣ.

ದಾರಿಯುದ್ದಕ್ಕೂ ಪಾಠ:
"ಬಣ್ಣ ನೋಡಬೇಡ ಹುಡುಗಿ,
ಬಣ್ಣ ಯಾಕೆ ಬಳಿದರು ಅಂತ ನೋಡು.
ಬಂದರಿನೊಳಗೆ ಎಲ್ಲ ದೋಣಿಯೂ ಸಾಧುವೇ.
ನಲವತ್ತು ಮೈಲಿ ಆಚೆ
ಗೆದರೆ ಮೀನು ಗಾಳ ಕಚ್ಚಿ, ಅದೇ ಹೊತ್ತಿಗೆ ಗಾಳಿ ತಿರುಗಿದರೆ
ಮನೆಗೆ ತರುತ್ತದೋ ಇಲ್ಲವೋ, ಅಷ್ಟೇ ಲೆಕ್ಕ.
ಎಲ್ಲಕ್ಕಿಂತ ಮುಖ್ಯ, ಎಂಜಿನ್ ತಣ್ಣಗಿರಬೇಕು.
ನಾವು ಹೋಗುವ ಮೊದಲೇ ಬಿಸಿಯಾಗಿದ್ದರೆ
ಯಾವುದೋ ಕೆಮ್ಮನ್ನು ಮುಚ್ಚಿಟ್ಟಿದ್ದಾರೆ.
ಅವರು ಟೋಪಿ ಹಾಕುವ ಮೊದಲು
ನಿನ್ನ ಟೋಪಿ ನೀನೇ ಹಾಕಿಕೊಂಡು ಹೊರಡು."

ಮೂವತ್ತೆಂಟು ಅಡಿ. ಇಪ್ಪತ್ತೆರಡು ವರ್ಷ.
ಹೆಸರು 'ಯೂನಿಸ್ ಅಂಡ್ ಗರ್ಲ್ಸ್'.
ಮಾರುವವಳೇ ಯೂನಿಸ್ ನಿಕರ್‌ಸನ್.
ತನ್ನ ಹೆಸರಿನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಳು.

ಮಾವ ಮಂಡಿಯೂರಿ ತಟ್ಟುತ್ತಾ ಹೋದ,
ಸಂತೆಯಲ್ಲಿ ಮಡಕೆ ಕೊಳ್ಳುವವರ ಹಾಗೆ, ಕಿವಿ ವಾಲಿಸಿ.
ಟಕ್. ಟಕ್. ಟಕ್. ಗಟ್ಟಿ ಮಾತು.
ಹಿಂಬದಿಯ ಎಡಮೂಲೆಯಲ್ಲಿ: ತಪ್.
ಇನ್ನೊಮ್ಮೆ: ತಪ್.
ಫೈಬರಿನ ನಡುವೆ ಮರ ನೀರು ಕುಡಿದಿತ್ತು.
ಸೀಮೆಸುಣ್ಣದಲ್ಲಿ ಸುತ್ತ ಗೆರೆ ಎಳೆದ,
ಊಟದ ತಟ್ಟೆಯಷ್ಟು ಅಗಲ.
"ಕಾಗದದಲ್ಲಿ ಬರೆದಿದ್ದೆನಲ್ಲ," ಅಂದಳು ಯೂನಿಸ್, "ಎರಡನೇ ಪುಟ."
ಬರೆದಿದ್ದಳು. ನಾವು ಓದಿರಲಿಲ್ಲ.

ಆಮೇಲೆ ಮುಚ್ಚಳ ಎತ್ತಿ
ಎಂಜಿನ್ ಮೇಲೆ ಅಂಗೈ ಇಟ್ಟ ಮಾವ.
ಬೆಚ್ಚಗಿತ್ತು.
ಇಳಿತದ ನೀರಿನಂತೆ ಅವನ ಮುಖ ಹಿಂದೆ ಸರಿಯಿತು.
ಟೋಪಿ ಹುಡುಕಿದ. ತಲೆಯ ಮೇಲೇ ಇತ್ತು.

"ನಾಲ್ಕಕ್ಕೆ ಬಂದು ಶುರು ಮಾಡುತ್ತೇನೆ," ಅಂದಳು, "ದಿನಾ.
ವಾರ್ಡ್ ಹೊರಡುವಾಗ ಮಲಗಿದಲ್ಲಿಗೇ ಕೇಳಿಸುತ್ತಿತ್ತು.
ಸದ್ದು ಬೋಯೆ ದಾಟಿ ಸಣ್ಣಗಾಗುವ ತನಕ ಎಚ್ಚರ,
ಆಮೇಲೆ ಒಳ್ಳೆಯ ನಿದ್ದೆ.
ಈಗ ಅರ್ಧ ಗಂಟೆ ಓಡಿಸಿ, ಆರಿಸಿ, ಮನೆಗೆ ಹೋಗಿ ಮಲಗುತ್ತೇನೆ.
ಅದನ್ನು ಕಾಗದದಲ್ಲಿ ಬರೆಯಲಿಲ್ಲ."

ವಾರ್ಡ್ ಸತ್ತದ್ದು ಸಮುದ್ರದಲ್ಲಲ್ಲ,
ಕ್ಷೌರದಂಗಡಿಯ ಕುರ್ಚಿಯಲ್ಲಿ, ಅರ್ಧ ಕೂದಲು ಕತ್ತರಿಸಿದ್ದಾಗ.
ಇದೂ ಅವಳೇ ಹೇಳಿದ್ದು, ನಕ್ಕುಬಿಟ್ಟು.

ಮಾವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.
ಕರಗಿದ್ದ, ನನಗೆ ಗೊತ್ತು. ಆದರೂ
ಅಟ್ಲಾಂಟಿಕ್ ಯಾರ ದುಃಖಕ್ಕೂ ದರ ಇಳಿಸುವುದಿಲ್ಲ.
"ನಾಳೆ ಮುಟ್ಟಬೇಡಿ," ಅಂದ ಮೆಲ್ಲಗೆ. "ಒಂದೇ ದಿನ."

ಮರುದಿನ ಎಂಜಿನ್ ಬಂಡೆಯಷ್ಟು ತಣ್ಣಗೆ.
ಕೀಲಿ ತಿರುಗಿಸಿದೆ. ಕೆಮ್ಮಿತು, ನಿಂತಿತು.
ಮತ್ತೆ ತಿರುಗಿಸಿದೆ. ಬಿಳಿ ಹೊಗೆ
ನೀರಿನ ಮೇಲೆ ತೆವಳಿಕೊಂಡು ಹೋಯಿತು.
ಮಾವ ಗಡಿಯಾರ ಹಿಡಿದು ನಿಂತ; ಹೊಗೆ ಹರಿಯಲು ಐವತ್ತು ಸೆಕೆಂಡು.
"ಇಷ್ಟು ಕೆಮ್ಮು ನನಗೂ ಇದೆ," ಅಂದ.
ಧಕ್ಕೆಯ ಮೇಲೆ ಯೂನಿಸ್,
ರಾತ್ರಿಯುಡುಪಿನ ಮೇಲೆ ಗಂಡನ ಕೋಟು,
ಕಣ್ಣು ಕೆಂಡ. ಮಾತು ಉಳಿಸಿಕೊಂಡಿದ್ದಳು.
ನಾವು ಒಂದು ನಿದ್ದೆ ಖರ್ಚು ಮಾಡಿದ್ದೆವು, ನಮ್ಮದಲ್ಲದ್ದು.

ತಟ್ಟೆಯಗಲದ ಗೆರೆಗೆ ಮೂರು ಸಾವಿರ ಡಾಲರ್ ಬಿಟ್ಟಳು.
ಎರಡು ವಾರಕ್ಕೆ ಬ್ಯಾಂಕು ಮನಸ್ಸು ಮಾಡಿತು.
ಉಬ್ಬರ ನೋಡಿ ನಾವೇ ಆರಿಸಿಕೊಂಡ ಹೊತ್ತು, ಬೆಳಗಿನ ನಾಲ್ಕು.
ಅವಳು ಧಕ್ಕೆಗೆ ಬರಲಿಲ್ಲ.
ಗುಡ್ಡದ ಮೇಲಿನ ಕಿಟಕಿಯಲ್ಲಿ ದೀಪ ಮಾತ್ರ.
ನಾನು ವೇಗ ಏರಿಸದೆ, ನಿಧಾನ, ಬಲು ನಿಧಾನ,
ಬೋಯೆ ದಾಟಿಸಿದೆ.
ತಿರುಗಿ ನೋಡಿದಾಗ ಕಿಟಕಿ ಕತ್ತಲು.

ಮಾವ ಏನನ್ನೂ ನೋಡಿರಲಿಲ್ಲ. ಹಿಂಬದಿಯಲ್ಲಿ ನಿಂತು
ಆ ಎಡಮೂಲೆಯನ್ನು ಬೂಟಿನಿಂದ ತಟ್ಟುತ್ತಿದ್ದ:
"ಚಳಿ ಮುಗಿಯಲಿ, ಇದನ್ನು ಬಿಚ್ಚೋಣ."